ನೆಲದೊಳಗಿನ ಬಿಸಿನೀರು

ಬೆಂಕಿ ಕಾಣದಿದ್ದರೂ ನೆಲ ಬೆಚ್ಚಗಿರುವುದು ಚಳಿನಾಡಿನ ಒಂದು ಸೋಜಿಗ. ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನಿನಲ್ಲಿ 1947ರಿಂದ 1951ರವರೆಗೆ ಕಟ್ಟಿದ 17,000ಕ್ಕೂ ಹೆಚ್ಚು ಮನೆಗಳ ಕಾಂಕ್ರೀಟು ನೆಲದಲ್ಲಿ ತಾಮ್ರದ ಕೊಳವೆಗಳನ್ನು ಹುದುಗಿಸಿ, ಬಿಸಿನೀರು ಹರಿಯಿಸಿದ್ದರು.

ಇಂತಹ ಹಳೆಯ ಏರ್ಪಾಟಿನಲ್ಲಿ ಕವಾಟದ ಹಿಡಿಯ ಬುಡದಿಂದ ಹನಿ ನೀರು ತೊಟ್ಟಿಕ್ಕಿದರೂ ಉದಾಸೀನ ಸಲ್ಲದು. ಸೋರಿದಷ್ಟೂ ಹೊಸ ನೀರು ಒಳಸೇರುತ್ತದೆ. ಅದರಲ್ಲಿರುವ ಆಮ್ಲಜನಕವು ಬಾಯ್ಲರಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಬಲ್ಲ ಕೆಲಸಗಾರನು ಮೊದಲು ಬಾಯ್ಲರನ್ನು ಆರಿಸಿ, ನೀರು ತಣಿಯುವವರೆಗೆ ಕಾಯುತ್ತಾನೆ. ಬಳಿಕ ಹಿಡಿಯ ಕೆಳಗಿನ ನಟ್ಟನ್ನು ಕಾಲು ಸುತ್ತಿನಷ್ಟೇ ಬಿಗಿಮಾಡುತ್ತಾನೆ. ಸೋರಿಕೆ ನಿಲ್ಲದಿದ್ದರೆ ಒತ್ತಡವಿಳಿಸಿ, ನಟ್ಟು ಬಿಚ್ಚಿ, ಸವೆದ ಹುರಿಯ ಬದಲು ಹೊಸ ಗ್ರಾಫೈಟ್ ಹುರಿ ಸುತ್ತುತ್ತಾನೆ. ಆಗ ಇನ್ನೊಂದು ಸ್ಪ್ಯಾನರಿನಿಂದ ಕವಾಟವನ್ನು ಭದ್ರವಾಗಿ ಹಿಡಿದಿರಬೇಕು. ಕೊಳವೆ ತಿರುಚಿ ಕಾಂಕ್ರೀಟಿನೊಳಗೆ ಬಿರುಕುಬಿಟ್ಟರೆ, ಮನೆಯ ನೆಲವನ್ನೇ ಒಡೆಯಬೇಕಾದೀತು!