ದಪ್ಪ ಕರಡಿಗೆ ನಿಮ್ಮ ಮತ

ಕಟ್ಮೈಗೆ ರಸ್ತೆಯಿಲ್ಲ. ಅಲಾಸ್ಕದ ಆಂಕರೇಜ್‌ನಿಂದ ಕಿಂಗ್ ಸಾಲ್ಮನ್ ಎಂಬ ಪುಟ್ಟ ಊರಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ನೀರಿನ ಮೇಲೆ ಇಳಿಯುವ ಇನ್ನೂ ಚಿಕ್ಕ ವಿಮಾನ ಹತ್ತಬೇಕು. ಇಳಿದ ಕೂಡಲೇ ಮೊದಲ ಕೆಲಸ, ಕರಡಿ ಎದುರಾದರೆ ಏನು ಮಾಡಬೇಕೆಂಬ ಪಾಠ ಕೇಳುವುದು. ಬ್ರೂಕ್ಸ್ ಜಲಪಾತದ ಎದುರಿನ ಅಟ್ಟಣಿಗೆಯಲ್ಲಿ ಒಮ್ಮೆಗೆ 40 ಜನರಿಗಷ್ಟೇ ಜಾಗ. ಜನ ಹೆಚ್ಚಿದ್ದರೆ ಒಂದು ಗಂಟೆಯೊಳಗೆ ಇಳಿದು ಬರಬೇಕು. ಖರ್ಚಿನ ಮಾತು ಬೇಡವೇ ಬೇಡ.

ಇಂಥ ಮೂಲೆಯ ಕರಡಿಗಳನ್ನು ಇಂದು ಎಲ್ಲೆಲ್ಲಿಯೋ ಇರುವ ಮಕ್ಕಳು ನಂಬರು ಹೇಳಿ ಗುರುತಿಸುತ್ತಾರೆ.

ಈ ಕಾಡು ಸುದ್ದಿಗೆ ಬಂದದ್ದು ಕರಡಿಯಿಂದಲ್ಲ. 1912ರ ಜೂನ್ 6ರಂದು ಇಲ್ಲಿನ ನೊವರುಪ್ಟ ಸಿಡಿಯಿತು. 20ನೇ ಶತಮಾನದ ಅತಿ ದೊಡ್ಡ ಜ್ವಾಲಾಮುಖಿ ಸ್ಫೋಟವದು. 1916ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಗ್ರಿಗ್ಸ್ ಬಂದು ನೋಡಿದಾಗ ಕಣಿವೆಯ ಉದ್ದಕ್ಕೂ ನೆಲದಿಂದ ಹಬೆ ಏಳುತ್ತಿತ್ತು. ಹತ್ತು ಸಾವಿರ ಹೊಗೆಗಳ ಕಣಿವೆ ಎಂದು ಅವರು ಹೆಸರಿಟ್ಟರು. ಅದನ್ನು ಉಳಿಸಲೆಂದೇ 1918ರಲ್ಲಿ ಕಟ್ಮೈ ರಾಷ್ಟ್ರೀಯ ಸ್ಮಾರಕವಾಯಿತು, 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹಬೆ ಕ್ರಮೇಣ ಆರಿತು. ಕರಡಿಗಳು ಉಳಿದವು.

2012ರಲ್ಲಿ ಎಕ್ಸ್‌ಪ್ಲೋರ್ ಡಾಟ್ ಆರ್ಗ್ ಎಂಬ ಜಾಲತಾಣ ಬ್ರೂಕ್ಸ್ ನದಿಯ ಬಳಿ ಕ್ಯಾಮೆರಾಗಳನ್ನು ಕೂರಿಸಿತು. ಎರಡು ವರ್ಷದ ನಂತರ ಅಲ್ಲಿನ ರೇಂಜರ್ ಮೈಕ್ ಫಿಟ್ಜ್‌ಗೆ ಒಂದು ಉಪಾಯ ಹೊಳೆಯಿತು: ಬೇಸಿಗೆಯ ಆರಂಭದ ಬಡಕಲು ಕರಡಿಯ ಚಿತ್ರ, ಪಕ್ಕದಲ್ಲಿ ಅದೇ ಕರಡಿ ಮೀನು ತಿಂದು ಉಬ್ಬಿದ ಮೇಲಿನ ಚಿತ್ರ. ಎರಡೆರಡು ಕರಡಿಗಳ ಪೈಪೋಟಿ, ಯಾವುದು ಹೆಚ್ಚು ದಪ್ಪಗಾಯಿತೆಂದು ಜನರೇ ಹೇಳಬೇಕು. ಒಂದು ಮಂಗಳವಾರದ ಆಟವಾಗಿ ಶುರುವಾದದ್ದು 2015ರಲ್ಲಿ ವಾರವಿಡೀ ನಡೆಯುವ ‘ಫ್ಯಾಟ್ ಬೇರ್ ವೀಕ್’ ಆಯಿತು. 2023ರಲ್ಲಿ 13 ಲಕ್ಷಕ್ಕೂ ಹೆಚ್ಚು ಮತ ಬಿತ್ತು.

ಆಟವೆಂದು ತಳ್ಳಿಹಾಕುವಂತಿಲ್ಲ. ಮತ ಹಾಕಬೇಕಾದರೆ ನೋಡಲೇಬೇಕು, ನೋಡುತ್ತ ಹೋದರೆ ಪ್ರಶ್ನೆ ಹುಟ್ಟುತ್ತದೆ. ಚಳಿಗಾಲದ ದೀರ್ಘ ನಿದ್ದೆಯಲ್ಲಿ ಕರಡಿ ತನ್ನ ತೂಕದ ಮೂರನೇ ಒಂದು ಭಾಗದವರೆಗೂ ಕಳೆದುಕೊಳ್ಳಬಹುದು. ಹಾಗಾಗಿ ಕೊಬ್ಬೇ ಅದರ ಆಯುಸ್ಸು. ಸಾಲ್ಮನ್ ಮೀನು ಧಾರಾಳ ಸಿಕ್ಕಾಗ ದೊಡ್ಡ ಕರಡಿ ಚರ್ಮ, ಮೊಟ್ಟೆ, ಮಿದುಳನ್ನಷ್ಟೇ ತಿಂದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಆ ಎಂಜಲಿಗೆ ಕಡಲಹಕ್ಕಿಗಳು ಕಾದಿರುತ್ತವೆ. (ನಮ್ಮ ದರೋಜಿಯ ಕರಡಿಗಳಿಗೆ ಈ ದೀರ್ಘ ನಿದ್ದೆಯ ಗೋಜಿಲ್ಲ. ಯಾಕೆಂದು ಮಕ್ಕಳನ್ನು ಕೇಳಿ ನೋಡಿ.)

480 ಓಟಿಸ್ ಎಂಬ ಮುದಿ ಗಂಡನ್ನೇ ತೆಗೆದುಕೊಳ್ಳಿ. ಕೋರೆಹಲ್ಲು ಎರಡು ಹೋಗಿದ್ದವು, ಉಳಿದವು ಸವೆದಿದ್ದವು. ಎಳೆಯರ ಜೊತೆ ಜಗಳಕ್ಕೆ ಹೋಗದೆ ಜಲಪಾತದ ಬದಿಯ ಒಂದೇ ಜಾಗದಲ್ಲಿ, ಕುತ್ತಿಗೆಯವರೆಗಿನ ನೀರಿನಲ್ಲಿ, ಮೀನು ತಾನಾಗಿ ಬರಲೆಂದು ಕೂತಿರುತ್ತಿತ್ತು. ಹಾಗೆ ಕೂತೇ ಒಮ್ಮೆ 42 ಮೀನು ತಿಂದಿತ್ತು. ನಾಲ್ಕು ಸಲ ಗೆದ್ದದ್ದೂ ಅದೇ.

ಚುನಾವಣೆ ಎಂದ ಮೇಲೆ ಅಕ್ರಮವೂ ಇರಬೇಕಲ್ಲ! 2022ರಲ್ಲಿ ಹಾಲಿ ಎಂಬ ಹೆಣ್ಣು ಕರಡಿಗೆ ಯಾರೋ ಹಾಕಿದ ಕಳ್ಳಮತಗಳು ಪತ್ತೆಯಾದವು. ಕ್ಯಾಮೆರಾ ಕಣ್ಣಿಗೆ ಬಿದ್ದದ್ದು ಕರಡಿಗಳಷ್ಟೇ ಅಲ್ಲ. 2023ರಲ್ಲಿ ಬೆಟ್ಟದ ಮೇಲಿನ ಕ್ಯಾಮೆರಾದ ಮುಂದೆ ಮಂಜಿನಲ್ಲಿ ದಾರಿ ತಪ್ಪಿದವರೊಬ್ಬರು ನಿಂತು ಸಹಾಯ ಕೇಳಿದಾಗ, ನೋಡುತ್ತಿದ್ದವರೇ ತಿಳಿಸಿ ರೇಂಜರ್‌ಗಳನ್ನು ಕಳಿಸಿದರು. ಮರುವರ್ಷ ನೇರಪ್ರಸಾರದಲ್ಲೇ ಒಂದು ಕರಡಿ ಇನ್ನೊಂದನ್ನು ಕೊಂದಿತು. ಸ್ಪರ್ಧಿಗಳ ಪಟ್ಟಿ ಒಂದು ದಿನ ತಡವಾಯಿತು. ಆದರೆ ನಡೆದದ್ದನ್ನು ಮುಚ್ಚಿಡದೆ ರೇಂಜರ್‌ಗಳು ಜನರೆದುರು ಮಾತಾಡಿದರು. ಕಾಡನ್ನು ಮುದ್ದುಗೊಂಬೆಯಂತೆ ತೋರಿಸುವ ಮಕ್ಕಳ ಕಾರ್ಯಕ್ರಮಗಳಿಗಿಂತ ಇದು ಎಷ್ಟೋ ಪ್ರಾಮಾಣಿಕ.

ಈ ನೇರಪ್ರಸಾರ ನೋಡುವ ಮನಸ್ಸಿದ್ದರೆ ಜುಲೈ ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಜುಲೈಯಲ್ಲಿ ಮೀನುಗಳು ಜಲಪಾತ ಹಾರುತ್ತವೆ, ಸೆಪ್ಟೆಂಬರಿನಲ್ಲಿ ಕರಡಿಗಳ ಹೊಟ್ಟೆ ನೆಲ ಮುಟ್ಟುವಂತಿರುತ್ತದೆ. ನಮಗೆ ಬೆಳಿಗ್ಗೆ ಏಳಾದಾಗ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಜುಲೈಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಭಾನುವಾರದ ತಿಂಡಿಯ ಹೊತ್ತಿಗೆ ತೆರೆದಿಡಿ, ಮೀನು ಎಣಿಸುವ ಕೆಲಸ ಮಕ್ಕಳಿಗೆ ವಹಿಸಿ. ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ.