ಗುಹೆಯ ಕತ್ತಲೆ, ಬಂಡೆಯ ಬಿಸಿಲು

ಕೋಲಾರದ ಅಂತರಗಂಗೆ ಬೆಟ್ಟದ ಗುಹೆಯೊಳಗೆ ನಿಂತವರಿಗೆ ಹೊರಗಿನ ಬಿಸಿಲುಬಂಡೆಯೂ ಒಳಗಿನ ಕತ್ತಲೆಯೂ ಬಹುಮಟ್ಟಿಗೆ ಒಟ್ಟಿಗೇ ಕಾಣುವುವು. ಸಾಮಾನ್ಯ ವಿಡಿಯೋದಲ್ಲಾದರೋ ಬಂಡೆ ಬರಿಯ ಬಿಳಿಮಚ್ಚೆ! ಅದನ್ನು ಸಿದ್ಧಪಡಿಸುವಾಗ ಗರಿಷ್ಠ ಹೊಳಪನ್ನು ಚದರ ಮೀಟರಿಗೆ 100 ಕ್ಯಾಂಡೆಲಾ ಎಂದೆಣಿಸುವುದು ರೂಢಿ. ಎಚ್‌ಡಿಆರ್ ವಿಡಿಯೋಗಾಗಿ 2014ರಲ್ಲಿ ಗೊತ್ತುಪಡಿಸಿದ ಪಿಕ್ಯೂ ವಕ್ರರೇಖೆಯಾದರೋ 10,000ದವರೆಗೂ ಹೇಳಬಲ್ಲುದು. ಬಣ್ಣವೊಂದಕ್ಕೆ 256ರ ಬದಲು 1024 ಮಟ್ಟಗಳು.

ಗುಹೆಯಲ್ಲಿ ತೆಗೆದ ಅಂತಹ ವಿಡಿಯೋ ನೋಡಲೆಂದು ನಾವು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎಚ್‌ಡಿಆರ್ ಗುಂಡಿಯನ್ನು ಒತ್ತಿದೆವು. ಕತ್ತಲೆ ಬೂದಿಬಣ್ಣ ತಾಳಿತು! ಗುಂಡಿಯನ್ನು ಬೈದು ಫಲವಿಲ್ಲ. ಇಡೀ ತೆರೆಗೆ ಒಂದೇ ಹಿಂಬೆಳಕಿದ್ದರೆ, ಬಂಡೆಗಾಗಿ ಏರಿಸಿದ ಬೆಳಕು ಗುಹೆಯೊಳಕ್ಕೂ ಸೋರುವುದು. ಹಿಂಬೆಳಕನ್ನು ಭಾಗಭಾಗವಾಗಿ ತಗ್ಗಿಸಬಲ್ಲ ಮಾನಿಟರು, ಇಲ್ಲವೆ ಬಿಂದುಬಿಂದುವೂ ತಾನೇ ಬೆಳಗುವ ಓಎಲ್‌ಇಡಿ ಬೇಕು. ಎಚ್‌ಡಿಆರ್ ಎಂಬ ಚೀಟಿಯೊಂದನ್ನೇ ನಂಬದೆ, ಕೊಳ್ಳುವ ಮುನ್ನ ಅಂಗಡಿಯಲ್ಲಿ ಇದನ್ನು ಕೇಳಿರಿ.