ನೀರೋತಿಯ ಮರಿಯ ಪಾಲನೆ

ಹಸು, ನಾಯಿ, ಬೆಕ್ಕುಗಳನ್ನು ಸಾಕುವುದು ಗೃಹಸ್ಥರಿಗೆ ಹೊಸದಲ್ಲ. ಇವು ಮೈಗೆ ಬೇಕಾದ ಶಾಖವನ್ನು ತಾವೇ ಉತ್ಪತ್ತಿ ಮಾಡಿಕೊಳ್ಳತಕ್ಕ ಪ್ರಾಣಿಗಳು. ನಮಗೆ ಹಿತವಾದ ಹವೆಯು ಬಹುಮಟ್ಟಿಗೆ ಅವಕ್ಕೂ ಹಿತವಾಗಿರುವುದು. ಹೊತ್ತುಹೊತ್ತಿಗೆ ಅನ್ನ ನೀರುಗಳನ್ನಿತ್ತು ಪ್ರೀತಿಯಿಂದ ನೋಡಿಕೊಂಡರೆ ಅವು ಸುಖವಾಗಿ ಬಾಳುವುವು. ಆದರೆ ಈಚಿನ ದಶಕಗಳಲ್ಲಿ ಅನೇಕ ದೇಶಗಳ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಂದು ಸೇರಿರುವ ಒಂದು ಹಸುರು ಪ್ರಾಣಿಗೆ ಅನ್ನ, ನೀರು, ಪ್ರೀತಿ ಈ ಮೂರೂ ಇದ್ದರೂ ಸಾಲದು. ಆಂಗ್ಲಭಾಷೆಯಲ್ಲಿ ಅದಕ್ಕೆ ಚೈನೀಸ್ ವಾಟರ್ ಡ್ರ್ಯಾಗನ್ ಎಂದು ಹೆಸರು. ಸಂಸ್ಕೃತದಲ್ಲಿ ಓತಿಯನ್ನು ಸರಟವೆಂದೂ ಕೃಕಲಾಸವೆಂದೂ ಕರೆಯುವುದರಿಂದ ಪಂಡಿತರು ಇದನ್ನು ಜಲಸರಟವೆಂದಾರು. ಮನೆಮಂದಿಯ ನಾಲಗೆಗೆ ನೀರೋತಿ ಎಂಬುದೇ ಸುಲಭವಾದುದರಿಂದ ನಾವು ಹಾಗೆಯೇ ಕರೆಯುವೆವು.

ಇದು ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್ ಮತ್ತು ದಕ್ಷಿಣ ಚೀನಾ ದೇಶಗಳ ಕಾಡುಹೊಳೆಗಳ ದಡದಲ್ಲಿ ವಾಸಿಸುವುದು. ಫ್ರಾನ್ಸ್ ದೇಶದ ಪ್ರಕೃತಿಶಾಸ್ತ್ರಜ್ಞನಾದ ಕುವಿಯೇ ಎಂಬಾತನು 1829ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನಿಟ್ಟನು. ನಮ್ಮ ಬೇಲಿಗಳ ಮೇಲೆ ತಲೆಯಾಡಿಸುವ ಓತಿಕ್ಯಾತನೂ ಪಶ್ಚಿಮಘಟ್ಟದ ಹಾರುವ ಓತಿಯೂ ಇದರ ದಾಯಾದಿಗಳೇ. ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ಬಿಸಿಲು ಕಾಯುತ್ತಿದ್ದು, ಭಯವುಂಟಾದೊಡನೆ ಹೊಳೆಗೆ ಧುಮುಕಿ, ಚಪ್ಪಟೆಯಾದ ಬಾಲವನ್ನು ಬೀಸಿ ಈಜಿ ಮರೆಯಾಗುವುದು ಇದರ ಸ್ವಭಾವ. ಮೊಟ್ಟೆಯೊಡೆದು ಬಂದ ಮರಿಯು ಐದಾರು ಅಂಗುಲವಷ್ಟೇ ಇರುವುದು. ಪೂರ್ಣವಾಗಿ ಬೆಳೆದ ಗಂಡಾದರೋ ಬಾಲವೂ ಸೇರಿ ಮೂರು ಅಡಿಯವರೆಗೆ ಬೆಳೆಯುವುದು. ಸರಿಯಾಗಿ ಸಾಕಿದರೆ ಹತ್ತು ಹದಿನೈದು ವರ್ಷ ಬದುಕುವುದು. ಅಂಗೈಯಲ್ಲಿ ಹಿಡಿಸುವ ಮರಿಯನ್ನು ಕಂಡು ಮನಸೋಲುವವರು, ಮುಂದೆ ಅದಕ್ಕೆ ಆಳೆತ್ತರದ ಪಂಜರ ಬೇಕಾಗುವುದೆಂಬುದನ್ನು ಮೊದಲೇ ಆಲೋಚಿಸತಕ್ಕದ್ದು.

ಮೊದಲನೆಯದು ಶಾಖ. ಓತಿಯ ಜಾತಿಗೆ ಸ್ವಂತ ಶಾಖವಿಲ್ಲ. ಹೊರಗಿನ ಬಿಸಿಯಿಂದಲೇ ಅದರ ಜೀರ್ಣಶಕ್ತಿಯು ನಡೆಯಬೇಕು. ಮೈ ತಣ್ಣಗಾದ ಮರಿಯು ತಿಂದುದನ್ನು ಅರಗಿಸಲಾರದೆ ಕ್ರಮೇಣ ಆಹಾರವನ್ನೇ ಬಿಡುವುದು. ಆದುದರಿಂದ ಪಂಜರದ ಒಂದು ಕಡೆಯ ಮೇಲಿನ ಕೊಂಬೆಯಲ್ಲಿ ದೀಪದ ಶಾಖವು 32ರಿಂದ 35 ಡಿಗ್ರಿ ಸೆಂಟಿಗ್ರೇಡಿನಷ್ಟೂ, ಇನ್ನೊಂದು ಕಡೆಯಲ್ಲಿ 26 ಡಿಗ್ರಿಯಷ್ಟೂ ಇದ್ದು, ಮರಿಯು ತನಗೆ ಬೇಕಾದೆಡೆಗೆ ಹೋಗುವಂತಿರಬೇಕು. ರಾತ್ರಿಯಲ್ಲಿ 22 ಡಿಗ್ರಿಗಿಂತ ಕೆಳಗಿಳಿಯಬಾರದು. ಕೈಯಿಂದ ಮುಟ್ಟಿ ಊಹಿಸದೆ ಉಷ್ಣಮಾಪಕದಿಂದಲೇ ಅಳೆಯಬೇಕು. ದೀಪಕ್ಕೆ ಮೈ ತಗುಲಿ ಸುಡದಂತೆ ತಂತಿಯ ಬಲೆಯನ್ನು ಕಟ್ಟುವುದು ಅವಶ್ಯ.

ಎರಡನೆಯದು ಬೆಳಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಒಂದು ಭಾಗವು ಚರ್ಮದ ಮೇಲೆ ಬಿದ್ದಾಗಲೇ ಮೈಯಲ್ಲಿ ಡಿ ಜೀವಸತ್ವವು ಉಂಟಾಗುವುದು. ಆ ಜೀವಸತ್ವವಿಲ್ಲದಿದ್ದರೆ ಆಹಾರದಲ್ಲಿನ ಸುಣ್ಣದ ಅಂಶವು, ಅಂದರೆ ಕ್ಯಾಲ್ಸಿಯಂ, ಮೈಗೆ ಹತ್ತದು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಗಾಜಿನ ಮೂಲಕ ಬರುವ ಬಿಸಿಲು ಈ ಕಾರ್ಯಕ್ಕೆ ನಿಷ್ಪ್ರಯೋಜಕ. ಅಷ್ಟೇ ಅಲ್ಲ, ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಒಳಗಿನ ಮರಿಯು ಬೆಂದು ಸಾಯುವುದು. ಈ ಕಿರಣಗಳನ್ನೇ ಬೀರುವ ಬೇರೆ ದೀಪವುಂಟು. ಅದನ್ನು ದಿನಕ್ಕೆ ಹನ್ನೆರಡು ಗಂಟೆಯ ಕಾಲ ಉರಿಸಬೇಕು. ಬೆಳಕು ಕಾಣುತ್ತಿದ್ದರೂ ಕಿರಣಗಳ ಶಕ್ತಿಯು ತಿಂಗಳುಗಳು ಕಳೆದಂತೆ ಕುಗ್ಗುವುದರಿಂದ, ತಯಾರಕರು ತಿಳಿಸಿದ ಅವಧಿಗೆ ದೀಪವನ್ನು ಬದಲಾಯಿಸತಕ್ಕದ್ದು.

ನಮ್ಮಲ್ಲಿ ಓದಿ ಈಗ ಹೊರದೇಶದಲ್ಲಿ ನೆಲೆಸಿರುವ ಶಿಷ್ಯನೊಬ್ಬನು ಮಗಳ ಹಟಕ್ಕೆ ಮಣಿದು ಇಂತಹ ಮರಿಯೊಂದನ್ನು ತಂದನು. ಬಿಸಿ ಕೊಡುವ ದೀಪವಿದ್ದಿತು, ಕಿರಣದ ದೀಪವಿರಲಿಲ್ಲ. ನಾಲ್ಕೈದು ತಿಂಗಳಲ್ಲಿ ಮರಿಯ ದವಡೆಯು ಮೆತ್ತಗಾಗಿ, ಕಾಲುಗಳು ನಡುಗಿ, ಕೊಂಬೆಯನ್ನು ಹತ್ತಲಾರದೆ ಕೆಳಗೆ ಬೀಳತೊಡಗಿತು. ಪಶುವೈದ್ಯರು ಔಷಧವನ್ನಿತ್ತು ಪ್ರಾಣವನ್ನುಳಿಸಿದರು. ಆದರೆ ಬಾಗಿದ ಹಿಂಗಾಲು ಬಾಗಿಯೇ ಉಳಿಯಿತು. ಆ ಹುಡುಗಿಯು ಒಂದು ದಿನವೂ ಅದಕ್ಕೆ ಆಹಾರ ಹಾಕಲು ಮರೆತವಳಲ್ಲ. ಅಕ್ಕರೆಯು ಅರಿವಿಗೆ ಬದಲಾಗಲಾರದೆಂಬುದಕ್ಕೆ ಬೇರೆ ದೃಷ್ಟಾಂತವೇಕೆ?

ಮೂರನೆಯದು ನೀರು. ಪಂಜರದ ಗಾಳಿಯಲ್ಲಿ ಆರ್ದ್ರತೆಯು ನೂರಕ್ಕೆ 60ರಿಂದ 80ರಷ್ಟಿರಬೇಕು. ಬೆಳಿಗ್ಗೆ ಸಂಜೆ ನೀರನ್ನು ಹನಿಹನಿಯಾಗಿ ಸಿಂಪಡಿಸುವುದೂ, ವಿಷವಿಲ್ಲದ ಗಿಡಗಳನ್ನು ಕುಂಡಗಳಲ್ಲಿಡುವುದೂ ಇದಕ್ಕೆ ಸಹಾಯಕ. ಮರಿಯು ಮೈಮುಳುಗಿಸಿ ಕುಳಿತು, ಸುಲಭವಾಗಿ ಮೇಲೇರಿ ಬರಬಲ್ಲಂತಹ ಅಗಲವಾದ ತೊಟ್ಟಿಯಿರಬೇಕು. ನೀರಿನಲ್ಲಿಯೇ ಮಲವಿಸರ್ಜನೆ ಮಾಡುವ ಅಭ್ಯಾಸವಿರುವುದರಿಂದ ತೊಟ್ಟಿಯನ್ನು ಪ್ರತಿದಿನವೂ ತೊಳೆದು ಹೊಸ ನೀರನ್ನು ತುಂಬತಕ್ಕದ್ದು.

ಇನ್ನು ಆಹಾರ. ಎಳೆಯ ಮರಿಗೆ ದಿನವೂ ಜೀವಂತ ಹುಳುಗಳು ಬೇಕು. ಸಾಕಿದ ಚಿಮ್ಮಂಡೆ, ಎರೆಹುಳು, ರೇಷ್ಮೆಹುಳುಗಳು ಯೋಗ್ಯವಾದುವು. ಹುಳುವು ಮರಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಾಗಿರಬಾರದು. ಚಿಮ್ಮಂಡೆಯಲ್ಲಿ ರಂಜಕವು ಹೆಚ್ಚಾಗಿ ಸುಣ್ಣದ ಅಂಶವು ಕಡಿಮೆಯಾಗಿರುವುದರಿಂದ ಕ್ಯಾಲ್ಸಿಯಂ ಪುಡಿಯನ್ನು ಸವರಿಯೇ ಕೊಡಬೇಕು. ಹುಳುಗಳಿಗೂ ಹಿಂದಿನ ದಿನ ಸೊಪ್ಪು ತರಕಾರಿಗಳನ್ನು ತಿನ್ನಿಸಿರಬೇಕು. ತೋಟದಿಂದ ಹಿಡಿದು ತಂದ ಹುಳುಗಳಲ್ಲಿ ಕೀಟನಾಶಕವಿರಬಹುದು. ಕೆಲವು ಜಾತಿಯ ಮಿಂಚುಹುಳುಗಳಲ್ಲಂತೂ ಓತಿಗಳಿಗೆ ಪ್ರಾಣಾಂತಕವಾದ ವಿಷವಿರುವುದು. ತಿಂದುಳಿದ ಚಿಮ್ಮಂಡೆಗಳು ರಾತ್ರಿಯಲ್ಲಿ ಮರಿಯನ್ನೇ ಕಚ್ಚುವುದುಂಟಾದುದರಿಂದ ಅವನ್ನು ಸಂಜೆಯೇ ತೆಗೆದುಬಿಡಬೇಕು.

ಈ ಪ್ರಾಣಿಗೆ ಗಾಜೆಂಬುದು ತಿಳಿಯದು. ಆಚೆಗೆ ಹೋಗಲು ದಾರಿಯಿದೆಯೆಂದೇ ಬಗೆದು ಮತ್ತೆ ಮತ್ತೆ ಮೂತಿಯನ್ನು ಗಾಜಿಗೆ ಉಜ್ಜಿ ಗಾಯ ಮಾಡಿಕೊಳ್ಳುವುದು. ಗಾಜಿನ ಕೆಳಭಾಗಕ್ಕೆ ಕಾಗದವನ್ನಂಟಿಸಿ ಮರೆ ಮಾಡಿದರೆ ಈ ಬಾಧೆಯು ಬಹಳ ಮಟ್ಟಿಗೆ ತಪ್ಪುವುದು. ಇದರ ನೆತ್ತಿಯ ಮೇಲೆ ಬೆಳಕು ನೆರಳುಗಳನ್ನರಿಯುವ ಮೂರನೆಯ ಕಣ್ಣಿನಂತಹ ಒಂದು ಚಿಕ್ಕ ಅಂಗವುಂಟು. ಮೇಲಿನಿಂದ ಬರುವ ಕೈಯು ಅದಕ್ಕೆ ಎರಗುವ ಹದ್ದಿನಂತೆ ತೋರುವುದರಿಂದ, ಪಕ್ಕದಿಂದ ಮೆಲ್ಲನೆ ಕೈ ನೀಡಿ ಹೊಟ್ಟೆಯ ಕೆಳಗೆ ಆಸರೆ ಕೊಟ್ಟು ಎತ್ತಬೇಕು. ಬಾಲವನ್ನು ಹಿಡಿದೆಳೆಯಲೇ ಕೂಡದು. ಹೊಸದಾಗಿ ಬಂದ ಮರಿಯನ್ನು ಮೊದಲ ಒಂದೆರಡು ವಾರ ಮುಟ್ಟದಿರುವುದೇ ಲೇಸು.

ಮನೆಯವರ ಆರೋಗ್ಯವನ್ನೂ ಮರೆಯಬಾರದು. ಓತಿಗಳ ಮೈಮೇಲೂ ಮಲದಲ್ಲೂ ಸಾಲ್ಮನೆಲ್ಲಾ ಎಂಬ ರೋಗಾಣುಗಳಿರಬಹುದು. ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು, ತೊಟ್ಟಿಯನ್ನು ಅಡಿಗೆಮನೆಗೆ ತಾರದಿರುವುದು, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡದಿರುವುದು, ಇವು ಕಡ್ಡಾಯವಾದ ನಿಯಮಗಳು.

ಕಡೆಯದಾಗಿ ಹೇಳತಕ್ಕದ್ದೇನೆಂದರೆ, ಮಾಂಸಕ್ಕಾಗಿಯೂ ಮಾರಾಟಕ್ಕಾಗಿಯೂ ಹಿಡಿಯುತ್ತಿರುವುದರಿಂದಲೂ ಕಾಡುಗಳ ನಾಶದಿಂದಲೂ ನೀರೋತಿಗಳು ತಮ್ಮ ನಾಡಿನಲ್ಲಿಯೇ ಕಡಿಮೆಯಾಗುತ್ತಿವೆ. 2022ರಲ್ಲಿ ಪನಾಮಾ ನಗರದಲ್ಲಿ ನೆರೆದ ರಾಷ್ಟ್ರಗಳ ಸಮ್ಮೇಳನವು ಇವುಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೊಳಪಡಿಸಿತು. ಭಾರತದಲ್ಲಿಯೂ ಇಂತಹ ಪಟ್ಟಿಗಳಿಗೆ ಸೇರಿದ ಪರದೇಶೀ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂದು 2024ರ ನಿಯಮಗಳು ವಿಧಿಸಿವೆ. ಕಾಡಿನಿಂದ ಹಿಡಿದು ತಂದುದನ್ನು ಕೊಳ್ಳದೆ, ಸಾಕುವವರಲ್ಲಿಯೇ ಹುಟ್ಟಿದ ಮರಿಯನ್ನು ಕಾಗದಪತ್ರಗಳೊಡನೆ ಪಡೆಯುವುದು ಧರ್ಮವೂ ಹೌದು, ಕಾನೂನೂ ಹೌದು.

ಆದುದರಿಂದ ಮರಿಗಿಂತ ಮೊದಲು ಪಂಜರವು ಬರಲಿ. ದೀಪಗಳನ್ನುರಿಸಿ, ಶಾಖವನ್ನೂ ತೇವವನ್ನೂ ಒಂದು ವಾರ ಅಳೆದು ನೋಡಿ, ಓತಿಗಳ ಚಿಕಿತ್ಸೆಯನ್ನು ಬಲ್ಲ ವೈದ್ಯರು ಹತ್ತಿರದಲ್ಲಿರುವರೇ ಎಂದು ವಿಚಾರಿಸಿಕೊಂಡು, ಅನಂತರ ಮರಿಯನ್ನು ತರತಕ್ಕದ್ದು. ಇಷ್ಟನ್ನು ಮಾಡಲಾರದ ಮನೆಯವರು ಮಕ್ಕಳನ್ನು ಕರೆದುಕೊಂಡು ಹಿತ್ತಿಲ ಬೇಲಿಯ ಬಳಿ ಅರ್ಧ ಗಂಟೆ ಸದ್ದಿಲ್ಲದೆ ನಿಂತರೆ, ಇದೇ ಕುಲದ ಓತಿಯೊಂದು ತನ್ನ ಬಿಸಿಲನ್ನು ತಾನೇ ಆರಿಸಿಕೊಂಡು ಕುಳಿತಿರುವುದನ್ನು ಕಾಣಬಹುದು.